ಎರಡು ತೊಟ್ಟು ತಾನೇ ಅಂತ ಸುಮ್ಮನಿರಬೇಕಾ?

ಹೋದ ತಿಂಗಳು ನಾವೊಂದಷ್ಟು ಜನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ವಿ. 1454 ಮೀಟರ್ ಎತ್ತರ, ಮಂಜು, ರೀಲ್ಸ್, ಎಲ್ಲಾ ಆಯ್ತು. ಆದರೆ ನೆನಪಲ್ಲಿ ಉಳಿದಿದ್ದು ತಪ್ಪಲಿನ ಬಸ್ ಕ್ಯೂ. ಸ್ವಂತ ಗಾಡಿ ಮೇಲಕ್ಕೆ ಬಿಡಲ್ಲ, ಕೆಎಸ್‌ಆರ್‌ಟಿಸಿ ಬಸ್ಸಿಗೇ ಕಾಯಬೇಕು. ನಮ್ಮ ಗುಂಪಿನ ಹುಡುಗಿಯರ ಮುಂದೆ ಇಬ್ಬರು ಅಕ್ಕಂದಿರು ನಿಂತಿದ್ರು. "ಮಗ ಆದ್ ಮ್ಯಾಲ ಕೆಮ್ಮುದ್ರೂ ಎರಡ್ ತೊಟ್ಟು ಹೋಯ್ತದ ಕನಕ್ಕ" ಅಂದ್ರು ಒಬ್ಬರು. "ಎಲ್ಲಾರ್ಗೂ ಅದೇಯ, ಯಾರ್ಗ ಹೇಳದು" ಅಂದ್ರು ಇನ್ನೊಬ್ಬರು. ಬಸ್ ಬಂತು, ಮಾತು ಮುಗೀತು.

ಮಕ್ಕಳಾಗಲಿ ಅಂತ ಹರಕೆ ಹೊತ್ತು ಬೆಟ್ಟ ಹತ್ತುವವರಿದ್ದಾರೆ. ಮಗು ಆದ ಮೇಲೆ ಎಲ್ಲರೂ ಕೇಳೋದು ಮಗುವಿನ ತೂಕ. ತಾಯಿಯ ಮೈ ಹೇಗಿದೆ ಅಂತ ಕೇಳೋರು ಕಡಿಮೆ.

ಆ ಎರಡು ತೊಟ್ಟಿಗೆ ಕಾರಣ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಸಡಿಲವಾಗೋದು. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ತೊಟ್ಟಿಲಿನ ಹಾಗೆ ಹಿಡಿದುಕೊಂಡಿರುವ ಸ್ನಾಯುಗಳಿವು. ಬಸುರಿನ ಭಾರ, ಹೆರಿಗೆಯ ಒತ್ತಡ ಎರಡೂ ಬೀಳೋದು ಇವುಗಳ ಮೇಲೆ. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ ಇವಕ್ಕೆ ವ್ಯಾಯಾಮ ಬರೆದಿಟ್ಟರು. ಗ್ಯಾಸ್, ಮೂತ್ರ ತಡೆಯುವ ಹಾಗೆ ಒಳಗೆ ಮೇಲಕ್ಕೆ ಬಿಗಿ ಹಿಡಿಯೋದು, ಕೆಲವು ಸೆಕೆಂಡ್ ಬಿಟ್ಟು ಸಡಿಲ ಮಾಡೋದು, ಉಸಿರು ಮಾತ್ರ ಕಟ್ಟಬಾರದು. ಗರ್ಭಿಣಿಯಾಗಿದ್ದಾಗಲೇ ಶುರು ಮಾಡಿದರೆ ಬಸುರಿನ ಕೊನೆಯ ತಿಂಗಳುಗಳಲ್ಲೂ ಹೆರಿಗೆಯಾದ ಮೇಲೂ ಸೋರುವ ತೊಂದರೆ ಕಡಿಮೆ ಅಂತ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2020ರ ಕಾಕ್ರೇನ್ ವಿಮರ್ಶೆ ಹೇಳುತ್ತೆ. ಖರ್ಚಿಲ್ಲ, ಕೂತಲ್ಲೇ ಮಾಡಬಹುದು. ಕಷ್ಟ ಇರೋದು ದಿನಾ ನೆನಪಿಟ್ಟು ಮಾಡೋದರಲ್ಲಿ.

ಅಲ್ಲೇ ಆ್ಯಪ್ ಬರೋದು. ಬ್ರಿಟನ್ನಿನ ಫಿಸಿಯೊಥೆರಪಿಸ್ಟ್‌ಗಳು 'ಸ್ಕ್ವೀಜಿ' ಮಾಡಿದ್ದಾರೆ. ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯದವರು 'ಟೇಟ್' ಮಾಡಿ, ಅದನ್ನು ಮೂರು ತಿಂಗಳು ಬಳಸಿದ ಮಹಿಳೆಯರಲ್ಲಿ ಕೆಮ್ಮಿದಾಗ, ಸೀನಿದಾಗ ಸೋರೋದು ಕಡಿಮೆಯಾಗಿದ್ದನ್ನು ಪ್ರಯೋಗದಲ್ಲಿ ತೋರಿಸಿದರು. ಹಾಗಾದ್ರೆ ಕನ್ನಡಕ್ಕೆ ಅನುವಾದ ಮಾಡಿಬಿಟ್ರೆ ಸಾಕಲ್ವಾ?

ಸಾಲಲ್ಲ ಅನ್ನೋದು ನಮ್ಮ ವಾದ. ಮೊದಲನೇದು ಭಾಷೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಾವು 'ಪೆಲ್ವಿಕ್ ಫ್ಲೋರ್'ಗೆ ಕನ್ನಡ ಹುಡುಕಿದಾಗ ಸಿಕ್ಕಿದ್ದು 'ಶ್ರೋಣಿ'. ಆ ಕ್ಯೂನಲ್ಲಿ ಯಾರಿಗೆ ಅರ್ಥ ಆಗುತ್ತೆ? 'ಎರಡು ತೊಟ್ಟು' ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ. ಆ್ಯಪ್ ಶುರುವಾಗಬೇಕಾದ್ದು ಆ ಮಾತಿನಿಂದ, ಅದೂ ಅಕ್ಷರದಲ್ಲಲ್ಲ, ದನಿಯಲ್ಲಿ.

ಎರಡನೇದು ಫೋನು. ಗುಂಡ್ಲುಪೇಟೆ ಸುತ್ತಿನ ಚೆಂಡು ಹೂವಿನ ಹೊಲದಲ್ಲಿ ಕೆಲಸ ಮಾಡೋ ಗರ್ಭಿಣಿಯ ಕೈಲಿರೋದು ಗಂಡನ ಜೊತೆಯೋ ಅತ್ತೆ ಜೊತೆಯೋ ಹಂಚಿಕೊಂಡ ಫೋನ್ ಆಗಿರಬಹುದು. ಎಲ್ಲರ ಮುಂದೆ 'ಪೆಲ್ವಿಕ್ ವ್ಯಾಯಾಮದ ಸಮಯ' ಅಂತ ನೋಟಿಫಿಕೇಶನ್ ಕೂಗಿದ್ರೆ ಅವತ್ತೇ ಅನ್‌ಇನ್‌ಸ್ಟಾಲ್. ಹೆಸರು, ಐಕಾನ್ ಸಾಮಾನ್ಯವಾಗಿರಬೇಕು, ಲಾಗಿನ್ ಬೇಡ, ನೆಟ್‌ವರ್ಕ್ ಇಲ್ಲದೆಯೂ ನಡೀಬೇಕು. ಹ್ಯಾಕಥಾನ್‌ನಲ್ಲಿ ನಾವು ಮಾಡೋದು ಇದರ ಉಲ್ಟಾ: ಮೊದಲು ಲಾಗಿನ್ ಪೇಜ್, ಆಮೇಲೆ ಪಿಂಕ್ ಬಣ್ಣ, ಕೊನೆಗೆ ಸಮಯ ಉಳಿದರೆ ಬಳಸುವವರು.

ಮೂರನೇದು ಎಲ್ಲಕ್ಕಿಂತ ಮುಖ್ಯ. ಸರಿಯಾದ ಸ್ನಾಯು ಬಿಗಿಯಾಯ್ತಾ ಅಂತ ಫೋನಿಗೆ ಗೊತ್ತಾಗಲ್ಲ. ಮೇಲಕ್ಕೆಳೆಯೋ ಬದಲು ಕೆಳಕ್ಕೆ ಮುಕ್ಕುವವರೂ ಇದ್ದಾರೆ. ನೋವಿದ್ದರೆ ಡಾಕ್ಟರನ್ನೇ ಕೇಳಬೇಕು. ಹಾಗಾಗಿ ಮೊದಲ ಪಾಠ ಮನುಷ್ಯರಿಂದಲೇ ಆಗಬೇಕು. ಅದಕ್ಕೆ ಜಾಗ ಈಗಾಗಲೇ ಇದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತೆ. ತಾಯಿ ಕಾರ್ಡ್ ಹಿಡಿದು ಬಂದವರಿಗೆ ನರ್ಸಕ್ಕ ಐದು ನಿಮಿಷ ಹೇಳಿಕೊಡಲಿ, ಮನೆಗೆ ಬರೋ ಆಶಾ ಅಕ್ಕ ಮತ್ತೆ ವಿಚಾರಿಸಲಿ. ಉಳಿದ ದಿನ ನೆನಪಿಸೋ ಕೆಲಸ ಆ್ಯಪ್ ಮಾಡಲಿ.

"ಹುಡುಗರಿಗ್ಯಾಕೆ ಈ ವಿಷಯ?" ಅಂತ ಈ ಲೇಖನ ಬರೆಯುವಾಗಲೇ ನಮ್ಮಲ್ಲೇ ಒಬ್ಬ ಕೇಳಿದ. ನಮ್ಮೆಲ್ಲರ ಭಾರವನ್ನೂ ಒಬ್ಬ ಅಮ್ಮ ಹೊತ್ತಿದ್ದಾಳಲ್ಲ, ಅದಕ್ಕೆ. ಮುಂದಿನ ಮಿನಿ ಪ್ರಾಜೆಕ್ಟಿಗೆ ಇನ್ನೊಂದು ಅಟೆಂಡೆನ್ಸ್ ಆ್ಯಪ್ ಮಾಡೋ ಮುಂಚೆ ಒಂದು 9ನೇ ತಾರೀಕು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿನ ನರ್ಸಕ್ಕನನ್ನು ಏನು ಬೇಕು ಅಂತ ಕೇಳೋಣ. ಕೋಡ್ ಆಮೇಲೆ ಬರೆಯೋಣ.