ತ್ರಿಕೋನದ ಬಣ್ಣ ಹೇಳದ ಅಪಾಯ

ಮೆಲಾಥಿಯಾನ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂಬ ಪ್ರಶ್ನೆಗೆ ಎರಡು ಅಧಿಕೃತ ಉತ್ತರಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಈ ಕೀಟನಾಶಕವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು 2ಎ ಗುಂಪಿಗೆ ಸೇರಿಸಿತು. ಮರುವರ್ಷವೇ ಅದೇ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಭೆ, ಊಟದ ಮೂಲಕ ದೇಹ ಸೇರುವಷ್ಟರಿಂದ ಕ್ಯಾನ್ಸರ್ ಬರುವ ಸಂಭವ ಕಡಿಮೆ ಎಂದಿತು. ನಿಷೇಧ ಬೇಕೆನ್ನುವವರು ಮೊದಲನೆಯದನ್ನು ಹಿಡಿದುಕೊಂಡರೆ, ಮಾರುವವರು ಎರಡನೆಯದನ್ನು ಮುಂದೆ ಮಾಡುತ್ತಾರೆ. ನನ್ನ ಪ್ರಕಾರ ಎರಡೂ ಸರಿಯೇ. ಮೊದಲಿನವರು ವಸ್ತುವಿಗೆ ಆ ಗುಣವಿದೆಯೇ ಎಂದು ನೋಡಿದರು, ನಂತರದವರು ಉಣ್ಣುವವರ ತಟ್ಟೆ ನೋಡಿದರು. ಮಂಡ್ಯದ ಕೊತ್ತತ್ತಿ ಹೋಬಳಿಯ ಗದ್ದೆಗಿಳಿದು ಔಷಧಿ ಹೊಡೆಯುವವನ ಮೈಗೆ ಎಷ್ಟು ಹತ್ತುತ್ತದೆ ಎಂಬ ಲೆಕ್ಕ ಎರಡರಲ್ಲೂ ಇಲ್ಲ.

ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಈ ಭತ್ತದ ಸೀಮೆಯಲ್ಲಿ ಆ ಲೆಕ್ಕವೇ ಮುಖ್ಯ. ಮುಚ್ಚಳದಲ್ಲಿ ಅಳೆದು, ಕೋಲಿನಲ್ಲಿ ಕಲಸಿ, ಮೂಗಿಗೆ ಟವೆಲು ಸುತ್ತಿ ಹೊರಟರೆ ಬೆನ್ನಿನ ಕ್ಯಾನಿನಿಂದ ಸೋರಿದ್ದು ಅಂಗಿ ನೆನೆಸಿ ಚರ್ಮಕ್ಕಿಳಿಯುತ್ತದೆ. ಕೂಲಿಗೆ ಹೊಡೆಯುವವನಿಗೆ ಒಬ್ಬರ ಗದ್ದೆ ಮುಗಿದರೆ ಇನ್ನೊಬ್ಬರದು. ಡಬ್ಬಿಯ ಮೇಲಿನ ತ್ರಿಕೋನ ನೀಲಿ, ಕೆಂಪಲ್ಲವಲ್ಲ ಎಂಬ ಸಮಾಧಾನ ಬೇರೆ. ಆದರೆ 1971ರ ಕೀಟನಾಶಕ ನಿಯಮಗಳಡಿ ಆ ಬಣ್ಣ ನಿರ್ಧಾರವಾಗುವುದು ಬಾಯಿಂದಲೋ ಚರ್ಮದಿಂದಲೋ ಎಷ್ಟು ಒಳಹೋದರೆ ಪ್ರಾಣಿ ಕೂಡಲೇ ಸಾಯುತ್ತದೆ ಎಂಬುದರ ಮೇಲೆ. ಇಪ್ಪತ್ತು ವರ್ಷ ಕಳೆದು ಕಾಣಿಸಿಕೊಳ್ಳುವ ರೋಗಕ್ಕೆ ಅಲ್ಲಿ ಬಣ್ಣವೇ ಇಲ್ಲ.

ಪುರಾವೆ ಗಟ್ಟಿಯಾಗಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಅಯೋವಾ, ಉತ್ತರ ಕ್ಯಾರೊಲಿನಾಗಳಲ್ಲಿ 1993ರಿಂದ ಸಾವಿರಾರು ಕೃಷಿಕರನ್ನು ಗಮನಿಸಿದ ಅಧ್ಯಯನ ಮೆಲಾಥಿಯಾನ್‌ಗೂ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಆದರೆ ಉಗ್ರ ಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರಿಗೆ 2013ರಲ್ಲಿ ನಂಟು ಕಂಡಿತು. ಅನುಮಾನ ಇಷ್ಟು ಉಳಿದಿರುವಾಗ, ‘ನಮ್ಮಪ್ಪ ಮೂವತ್ತು ವರ್ಷ ಹೊಡೆದ, ಏನೂ ಆಗಲಿಲ್ಲ’ ಎಂಬುದು ಉತ್ತರವಾಗದು. ಬೀಡಿ ಸೇದಿ ತೊಂಬತ್ತು ದಾಟಿದವರೂ ಇದ್ದಾರೆ. ಹಾಗೆಂದು ನಿಷೇಧಿಸಿಬಿಟ್ಟರೆ ಎಲ್ಲ ಮುಗಿಯಿತು ಎನ್ನುವವರ ಮಾತೂ ಪೂರ್ತಿಯಲ್ಲ. ಎಂಡೋಸಲ್ಫಾನ್ 2011ರಲ್ಲಿ ಹೋಯಿತು, ಹುಳು ಹೋಗಲಿಲ್ಲ. ಅಂಗಡಿಯಾತ ಪಕ್ಕದ ಡಬ್ಬಿ ಕೊಟ್ಟ. ಕೇಂದ್ರ ಸರ್ಕಾರ 2020ರಲ್ಲಿ ನಿಷೇಧಿಸಲು ಹೊರಟ 27 ಕೀಟನಾಶಕಗಳಲ್ಲಿ ಮೆಲಾಥಿಯಾನ್ ಕೂಡ ಇತ್ತು. ಕೊನೆಗೆ 2023ರಲ್ಲಿ ಅದರ ಪಾಲಿಗೆ ಆದದ್ದು ಬದನೆ, ಟೊಮೆಟೊ, ಮಾವಿನಂಥ ಕೆಲವು ಬೆಳೆಗಳಿಗೆ ಬಳಸಬಾರದೆಂಬ ಕಡಿತವಷ್ಟೆ. ತಿನ್ನುವವರತ್ತ ಇದ್ದ ನೋಟ ಇಲ್ಲೂ ಕದಲಲಿಲ್ಲ. ನೋಂದಣಿ ಕೊಡುವವರು ಗ್ಲೌಸು, ಮುಖವಾಡ ತೊಟ್ಟ ಕಾಗದದ ರೈತನನ್ನು ಬಿಟ್ಟು, ಬರಿಗೈಲಿ ಕಲಸುವವನ ಚರ್ಮದಿಂದ, ಮೂತ್ರದಿಂದ ಪ್ರಮಾಣ ಅಳೆಯಲಿ. ಆ ಪ್ರಮಾಣಕ್ಕೆ ಸುರಕ್ಷತೆಯ ಅಂತರ ಉಳಿಯದಿದ್ದರೆ ಭತ್ತಕ್ಕೂ ಅದು ಬೇಡ. ಮಂಡ್ಯದಿಂದ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಪ್ರತಿಯೊಬ್ಬ ಕೃಷಿಕನ ಕಡತದಲ್ಲೂ ಆಸ್ಪತ್ರೆಯವರು ಯಾವ ಔಷಧಿ, ಎಷ್ಟು ವರ್ಷ ಹೊಡೆದದ್ದು ಎಂಬುದನ್ನು ಕೇಳಿ ಬರೆಯಲಿ.