ಎಥೆನಾಲ್‌ಗೆ ದರ ಉಂಟು, ಗೋವಿನಜೋಳಕ್ಕಿಲ್ಲ

1980ರ ಜುಲೈ 21ರಂದು ನರಗುಂದದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ರೈತ ಈರಪ್ಪ ಕಡ್ಲಿಕೊಪ್ಪ ಚಿಕ್ಕನರಗುಂದದವರು. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಹರಿಯುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ಕೇಳಿದ್ದಕ್ಕೆ ರೈತರು ತಿರುಗಿಬಿದ್ದ ಕಾಲ ಅದು. ಈಗ ಕರದ ಮಾತಿಲ್ಲ, ಪಟ್ಟ ಕಟ್ಟುತ್ತಾರೆ: ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್‌ಗೆ ಬೆಳೆ ಕೊಡುವ ಅನ್ನದಾತ ಇನ್ನು ಇಂಧನದಾತನೂ ಹೌದಂತೆ. ಪಟ್ಟ ಕಟ್ಟಿದವರು ದರ ಕಟ್ಟುವುದನ್ನು ಮರೆತರು.

2025ರ ಸುಗ್ಗಿಯಲ್ಲಿ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಪೇಟೆಯಲ್ಲಿ ಸಿಕ್ಕಿದ್ದು 1,600ರಿಂದ 1,800. ನವೆಂಬರ್‌ನಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಬೀದಿಗಿಳಿದರು. ರಾಜ್ಯದ ಡಿಸ್ಟಿಲರಿಗಳಿಗೆ ಎಥೆನಾಲ್ ಹಂಚಿಕೆ ಸಾಲದೆಂದು ಬೆಂಗಳೂರು ದೂರಿತು. ಖರೀದಿಗೆ ರಾಜ್ಯವೇ ಮುಂದಾಗಲಿಲ್ಲವೆಂದು ದೆಹಲಿ ತಿರುಗಿ ಬಿತ್ತು. ರಾಶಿ ಮಾತ್ರ ಕಣದಲ್ಲೇ ಇತ್ತು.

ಲೆಕ್ಕ ಹಾಕಿ ನೋಡಿ. ಒಂದು ಕ್ವಿಂಟಲ್ ಗೋವಿನಜೋಳದಿಂದ ಸುಮಾರು 38 ಲೀಟರ್ ಎಥೆನಾಲ್ ಇಳಿಯುತ್ತದೆ. ತೈಲ ಕಂಪನಿಗಳು ಕೊಡುವ ಲೀಟರ್‌ಗೆ 71.86 ರೂಪಾಯಿಯಂತೆ 2,700 ದಾಟುತ್ತದೆ. ಉಳಿದ ಗಷ್ಟು ದನ, ಕೋಳಿಗಳ ಆಹಾರವಾಗಿ ಬೇರೆ ಮಾರಾಟ. ಕಾರ್ಖಾನೆಯವರ ಗೋಳೂ ಪೂರಾ ಸುಳ್ಳಲ್ಲ. ಈ ದರ ನಿಗದಿಯಾದ 2024ರ ಜನವರಿಯಲ್ಲಿ ಬೆಂಬಲ ಬೆಲೆ 2,090 ಇತ್ತು. ಅದು ಏರಿತು, ಎಥೆನಾಲ್ ದರ ನಿಂತಲ್ಲೇ ನಿಂತಿತು. ಸಾಲದೆಂಬಂತೆ ಆಹಾರ ನಿಗಮದ ಅಕ್ಕಿಯನ್ನು 2,250 ರೂಪಾಯಿಗೇ ಡಿಸ್ಟಿಲರಿಗಳಿಗೆ ಕೊಟ್ಟರು. ಗೋವಿನಜೋಳ ಬೆಳೆಯಿರೆಂದು ಹುರಿದುಂಬಿಸಿದವರೇ ಅದಕ್ಕೆ ಪೈಪೋಟಿ ತಂದಿಟ್ಟರು.

ಕಬ್ಬಿಗೆ 1966ರ ನಿಯಂತ್ರಣ ಆದೇಶವಿದೆ: ಕನಿಷ್ಠ ದರ ಕೊಡಬೇಕು, 14 ದಿನದೊಳಗೆ ಹಣ ಕೊಡಬೇಕು. ಬಾಕಿ ಉಳಿಸಿಕೊಳ್ಳುವ ಕಾರ್ಖಾನೆಗಳು ಬೇಕಾದಷ್ಟಿವೆ, ಆದರೂ ಕೇಳಲು ಕಾನೂನಿನ ಬಲವಿದೆ. ಗೋವಿನಜೋಳ ಬೆಳೆದವನಿಗೆ ಅದೂ ಇಲ್ಲ. ತೇವಾಂಶ ಹೆಚ್ಚೆಂದು ದಲ್ಲಾಳಿ ಹೇಳಿದ್ದೇ ದರ. ಎರಡೆಕರೆಯವನು ಮಾಲು ವಾಪಸು ಒಯ್ದು ಎಲ್ಲಿ ಇಡಬೇಕು?

ಊರಿನ ಸೊಸೈಟಿ ನಡುವೆ ಬರಬೇಕಾದದ್ದು ಇಲ್ಲಿಯೇ. ಸಹಕಾರ ನಮಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸೊಸೈಟಿಗಳು ರಾಜಕೀಯದ ಅಡ್ಡೆಗಳೆನ್ನುವವರಿಗೆ ನನ್ನ ತಕರಾರಿಲ್ಲ. ಆದರೆ ಅಧ್ಯಕ್ಷನನ್ನು ಚುನಾವಣೆಯಲ್ಲಿ ಇಳಿಸಬಹುದು, ದಲ್ಲಾಳಿಯನ್ನು ಇಳಿಸಲಾಗದು.

ಬಿತ್ತನೆಗೆ ಮೊದಲೇ ಸೊಸೈಟಿ ಮತ್ತು ಡಿಸ್ಟಿಲರಿ ನಡುವೆ ಬರಹದ ಕರಾರು ಆಗಲಿ. ಒಣಗಿಸುವ ಯಂತ್ರ, ಗೋದಾಮು ಸೊಸೈಟಿಯ ಕೈಯಲ್ಲಿರಲಿ. ಎಥೆನಾಲ್ ದರ ಬೆಂಬಲ ಬೆಲೆಯ ಜೊತೆಗೇ ಏರಲಿ. ಬೆಂಬಲ ಬೆಲೆ ಕೊಟ್ಟ ರಸೀದಿ ತೋರಿಸದ ಕಾರ್ಖಾನೆಯಿಂದ ತೈಲ ಕಂಪನಿಗಳು ಒಂದು ಲೀಟರನ್ನೂ ಕೊಳ್ಳಬಾರದು. ಮುಂಗಾರು ಬಿತ್ತನೆಗೆ ಮೊದಲು ಈ ಆದೇಶ ಹೊರಡಲಿ.