ಹಳೆ ಬೈಕಿಗೆ ಹೊಸ ಫೋರ್ಕ್: ಕಾನೂನು ನೋಡುವುದೇನನ್ನು?

2025ರಲ್ಲಿ ನನ್ನ ತಂಗಿಯ ಮಗನ ಮೋಟಾರು ಬೈಕಿಗೆ ಹದಿನೈದು ವರ್ಷ ತುಂಬಿತು. ನೋಂದಣಿ ನವೀಕರಿಸಲು ಅದನ್ನು ತಪಾಸಣೆಗೆ ಒಯ್ಯಬೇಕಾಗಿತ್ತು. ಹಿಂದಿನ ರಾತ್ರಿ ಇಂಡಿಯ ಅವನ ಮನೆಯ ಅಂಗಳದಲ್ಲಿ ಮಿಸ್ತ್ರಿಯೊಬ್ಬ ಬಲ್ಬಿನ ಬೆಳಕಿನಲ್ಲಿ ಕುಳಿತು ಬೈಕಿನ ಮುಂಭಾಗವನ್ನೆಲ್ಲ ಬಿಚ್ಚಿದ. ಎರಡು ವರ್ಷಗಳಿಂದ ಯಾವ ತಕರಾರೂ ಇಲ್ಲದೆ ಓಡುತ್ತಿದ್ದ ಗಟ್ಟಿಮುಟ್ಟಾದ ಫೋರ್ಕನ್ನು ಕಳಚಿ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಹಳೆಯ, ತುಕ್ಕು ಹಿಡಿದ, ಎಣ್ಣೆ ಜಿನುಗುವ ಫೋರ್ಕನ್ನು ಮತ್ತೆ ಕೂಡಿಸಿದ. ಮರುದಿನ ಬೈಕು ತಪಾಸಣೆಯಲ್ಲಿ ತೇರ್ಗಡೆಯಾಯಿತು. ಸಂಜೆ ಹೊಸ ಫೋರ್ಕ್ ಮರಳಿ ತನ್ನ ಜಾಗಕ್ಕೆ ಬಂತು. ಹೀಗಾಗಿ, ಇನ್ನೈದು ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವೆಂದು ಸರ್ಕಾರ ಒಪ್ಪಿದ್ದು ಆ ಬೈಕಿನ ಎರಡು ರೂಪಗಳ ಪೈಕಿ ಹೆಚ್ಚು ಅಪಾಯದ ರೂಪವನ್ನು.

ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದ ನಾನು ಆ ರಾತ್ರಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದೆ. ತಡೆಯಲಿಲ್ಲ. ತಪಾಸಣೆ ನಡೆಸಿದವರನ್ನು ದೂರುವುದಕ್ಕೂ ನನಗೆ ಮನಸ್ಸಿಲ್ಲ. ಕಾಗದದಲ್ಲಿ ಇರುವುದನ್ನು ಕಣ್ಣೆದುರು ಇರುವುದರೊಡನೆ ತಾಳೆ ನೋಡುವುದು ಅವರ ಕೆಲಸ. ಅದನ್ನು ಅವರು ಮಾಡಿದರು. ಹುಡುಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಹುಡುಗ ಎಂದೆ, ಅವನಿಗೀಗ ಮೂವತ್ತೈದು ದಾಟಿದೆ. ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಶಿಕ್ಷಕನಾಗಿದ್ದ, ಈಗ ಸಿಂದಗಿ ತಾಲ್ಲೂಕಿಗೆ ವರ್ಗವಾಗಿದ್ದಾನೆ. ತಾಯಿಯನ್ನು ಒಂಟಿಯಾಗಿ ಬಿಡಲಾರದೆ ಇಂಡಿಯಿಂದಲೇ ದಿನವೂ ಹೋಗಿಬರುತ್ತಾನೆ. ಬೈಕು ಯಮಹಾ ಆರ್15ರ ಮೊದಲ ಪೀಳಿಗೆಯದು. 2008ರಲ್ಲಿ ಅದು ಭಾರತದ ಮಾರುಕಟ್ಟೆಗೆ ಬಂದಾಗ ನಮ್ಮ ಕಡೆಯ ಕಾಲೇಜು ಹುಡುಗರಿಗೆ ಅದೊಂದು ಕನಸು: ನೂರೈವತ್ತು ಸಿಸಿಯಲ್ಲೇ ದ್ರವದಿಂದ ತಂಪಾಗುವ ಎಂಜಿನ್, ಆರು ಗೇರ್, ರೇಸ್ ಬೈಕಿನ ಮೈಕಟ್ಟು. 2010ರಲ್ಲಿ ಇವನ ತಂದೆ ನಿಂಬೆ ತೋಟದ ಒಂದು ವರ್ಷದ ಆದಾಯವನ್ನು ಅದಕ್ಕೆ ಸುರಿದರು. ಅವರು ಈಗಿಲ್ಲ. ಹಳೆಯದನ್ನು ಮಾರಿ ಹೊಸದೊಂದನ್ನು ತೆಗೆದುಕೋ ಎಂದು ನಾನು ಹೇಳಿದಾಗ ಅವನು ಕೊಟ್ಟ ಉತ್ತರ ಇಷ್ಟೇ: "ಮಾಮಾ, ಎಂಜಿನ್ನಿಗೆ ಏನೂ ಆಗಿಲ್ರಿ. ನನ್ನ ಸೊಂಟಕ್ಕಷ್ಟ ಆಗೈತಿ."

ಸೊಂಟಕ್ಕೆ ಆದದ್ದಕ್ಕೆ ಕಾರಣ ನಮ್ಮ ನೆಲ. ಇಂಡಿ-ಸಿಂದಗಿಯ ಭೀಮಾ ತೀರದಿಂದ ಹಿಡಿದು ಬಸವನ ಬಾಗೇವಾಡಿ, ಮುದ್ದೇಬಿಹಾಳದ ಡೋಣಿ ಕಣಿವೆಯವರೆಗೆ ಹರಡಿರುವ ಎರೆಮಣ್ಣು ಬಿಳಿಜೋಳಕ್ಕೆ ತಾಯಿ, ರಸ್ತೆಗೆ ವೈರಿ. ಮಳೆ ಬಿದ್ದರೆ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟೇ ಚೆನ್ನಾಗಿರಲಿ, ಅಡಿಯ ನೆಲ ವರ್ಷಕ್ಕೊಮ್ಮೆ ಉಸಿರು ಎಳೆದುಬಿಟ್ಟರೆ ರಸ್ತೆ ಅಲೆಯಂತಾಗದೆ ಇನ್ನೇನಾದೀತು? ಅದರ ಮೇಲೆ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು. ಸಿಡಿಗಳ ಎರಡೂ ಬದಿಯಲ್ಲಿ ಮಣ್ಣು ಕುಸಿದು ನಿಂತ ಹಳ್ಳಗಳನ್ನು ನಮ್ಮ ಸವಾರರು ಕಣ್ಣು ಮುಚ್ಚಿ ಹೇಳಬಲ್ಲರು. ರಾಷ್ಟ್ರೀಯ ಹೆದ್ದಾರಿ 50 ಸಿಂದಗಿಯ ಮೂಲಕವೇ ಹಾದುಹೋಗುತ್ತದೆ, ನಿಜ. ಆದರೆ ಶಾಲೆಗಳೆಲ್ಲ ಹೆದ್ದಾರಿಯ ಮೇಲೆಯೇ ಇರುವುದಿಲ್ಲ.

ಇಂಥ ದಾರಿಯಲ್ಲಿ ಹದಿಮೂರು ವರ್ಷ ಓಡಿದ ಮೇಲೆ ಮುಂದಿನ ಫೋರ್ಕಿನ ಕೊಳವೆಗಳಿಗೆ ಚುಕ್ಕೆಚುಕ್ಕೆಯಾಗಿ ತುಕ್ಕು ಹತ್ತಿತು. ಆ ಚುಕ್ಕೆಗಳು ಆಯಿಲ್ ಸೀಲನ್ನು ಹರಿದವು, ಎಣ್ಣೆ ಸೋರಿತು. ಫೋರ್ಕಿನ ಕೆಲಸವೆಂದರೆ ಸ್ಪ್ರಿಂಗಿನ ಕೆಲಸ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ, ಆದರೆ ಮರುಕ್ಷಣವೇ ಅದನ್ನು ಹಿಂದಕ್ಕೆ ಉಗುಳುತ್ತದೆ. ಆ ಮರುಪುಟಿತವನ್ನು ಹಿಡಿದು ನಿಲ್ಲಿಸುವುದು ಎಣ್ಣೆ. ಎಣ್ಣೆ ಖಾಲಿಯಾದ ಫೋರ್ಕ್ ಗುಂಡಿ ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ. ಆ ಕುಣಿತದಲ್ಲಿ ಚಕ್ರ ನೆಲ ಬಿಟ್ಟಾಗ ಬ್ರೇಕು ಇದ್ದೂ ಇಲ್ಲದಂತೆ. ಆದ್ದರಿಂದ ಇದು ಸುಖಾಸನದ ಪ್ರಶ್ನೆಯಲ್ಲ, ಅಡ್ಡ ಬಂದ ಎಮ್ಮೆಯ ಮುಂದೆ ಬೈಕು ನಿಲ್ಲುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ.

ಇದೇ ಬೈಕಿನ ನಾಲ್ಕನೆಯ ಪೀಳಿಗೆ 2021ರಲ್ಲಿ ಬಂತು. ಅದರ ಫೋರ್ಕ್ ತಲೆಕೆಳಗಾದದ್ದು: ದಪ್ಪ ಕೊಳವೆ ಮೇಲೆ, ಹ್ಯಾಂಡಲಿನ ಹತ್ತಿರ ಬಿಗಿಯಲ್ಪಟ್ಟಿರುತ್ತದೆ, ಸಣ್ಣದು ಕೆಳಗೆ. ಬ್ರೇಕು ಹಾಕಿದಾಗ ಹೆಚ್ಚು ಬಾಗುವ ಒತ್ತಡ ಬೀಳುವುದು ಮೇಲ್ಭಾಗದ ಮೇಲೆ. ಅಲ್ಲಿಯೇ ಬಲ ಹೆಚ್ಚಿರುವುದರಿಂದ ಮುಂಭಾಗ ನಡುಗುವುದಿಲ್ಲ. ಜೊತೆಗೆ ಮುಂದಿನ ಡಿಸ್ಕ್ 267 ಮಿಲಿಮೀಟರಿನಿಂದ 282ಕ್ಕೆ ಹಿಗ್ಗಿದೆ. ಅಪಘಾತದಲ್ಲಿ ಹಿಂಭಾಗ ನಜ್ಜುಗುಜ್ಜಾದ ಅಂಥದೊಂದು ಬೈಕಿನ ಇಡೀ ಮುಂಭಾಗ, ಅಂದರೆ ಫೋರ್ಕ್, ಚಕ್ರ, ಡಿಸ್ಕ್, ಕ್ಯಾಲಿಪರ್ ಎಲ್ಲವೂ, ಸೊಲ್ಲಾಪುರದ ಗುಜರಿಯಲ್ಲಿ ಇವನಿಗೆ 16,000 ರೂಪಾಯಿಗೆ ಸಿಕ್ಕಿತು. ಹೊಸ ಬೈಕಿನ ಬೆಲೆ ಎರಡು ಲಕ್ಷದ ಆಸುಪಾಸು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಲೆಕ್ಕ ಸರಳ. ಸುಸ್ಥಿತಿಯಲ್ಲಿರುವ ಎಂಜಿನ್ ಒಂದು ಬಂಡವಾಳ. ಅದನ್ನು ಉಳಿಸಿಕೊಂಡು, ಸವೆದ ಅಂಗವನ್ನಷ್ಟೇ ಬದಲಿಸುವುದು ಮಿತವ್ಯಯ. ಆರ್‌ಎಕ್ಸ್ 100ರ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಕೂಡಿಸಿದ ತಲೆಮಾರು ಇದನ್ನು ಯಾವ ಪುಸ್ತಕ ಓದದೆಯೂ ಕಂಡುಕೊಂಡಿತ್ತು.

ಆದರೆ ಲೆಕ್ಕ ಸರಳವಾದರೂ ಕೆಲಸ ಸರಳವಲ್ಲ ಎಂಬುದು ನನಗೆ ಅರಿವಾದದ್ದು ಮುದ್ದೇಬಿಹಾಳದ ಮಿಸ್ತ್ರಿಯೊಡನೆ ಮಾತನಾಡಿದಾಗ. ಅವನು ಓದಿದ್ದು ಏಳನೆಯ ತರಗತಿ. ಹೊಸ ಫೋರ್ಕನ್ನು ಹಿಡಿಯುವ 'ಟಿ'ಯ ದಂಡ ಹಳೆಯ ಚಾಸಿಯ ಕುತ್ತಿಗೆಗೆ ಹೊಂದುವುದಿಲ್ಲ. ಬೇರೆಯವರು ಅದನ್ನು ಕತ್ತರಿಸಿ ವೆಲ್ಡಿಂಗ್ ಮಾಡುತ್ತಾರಂತೆ. "ಸಾಹೇಬ್ರ, ವೆಲ್ಡಿಂಗ್ ಮಾಡಿದ್ದು ಇವತ್ತಲ್ಲ ನಾಳೆ ಬಿಡತೈತ್ರಿ. ಹ್ಯಾಂಡಲ್ ಕೈಯಾಗ ಬಂದ್ರ ಹಿಡಕೊಂಡು ಏನ್ ಮಾಡೂದು?" ಎಂದ ಅವನು, ಬಸವನ ಬಾಗೇವಾಡಿಯ ಲೇತಿನಲ್ಲಿ ಹಳೆಯ ಅಳತೆಯ ಹೊಸ ದಂಡವನ್ನೇ ಕಡೆಸಿ, ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ. ಆಮೇಲೆ ಅಳತೆಪಟ್ಟಿ ಹಿಡಿದು ಅಚ್ಚಿನಿಂದ ಟಿಯವರೆಗಿನ ಉದ್ದ ಹಳೆಯದರಷ್ಟೇ ಬರುವಂತೆ ಕೊಳವೆಗಳನ್ನು ಮೇಲಕ್ಕೆ ಸರಿಸಿದ. ಯಾಕೆಂದು ಕೇಳಿದೆ. "ಮುಂದ ಎತ್ತರ ಆತಂದ್ರ ಗಾಡಿ ತಿರಗಾಕ ಒಲ್ಲೆ ಅಂತೈತಿ. ತಗ್ಗ ಆತಂದ್ರ ಜೋರ್ ಹೊಡದಾಗ ಮಾರಿ ಅಲಗಾಡಸ್ತೈತಿ." ಚುಕ್ಕಾಣಿಯ ಓರೆಕೋನವನ್ನು ಕುರಿತು ಎಂಜಿನಿಯರಿಂಗ್ ಪಠ್ಯ ಹೇಳುವುದೂ ಇದನ್ನೇ. ಹೊಸ ಬೈಕಿನಲ್ಲಿದ್ದ ಎಬಿಎಸ್ ಮಾತ್ರ ಇದಕ್ಕೆ ಬರಲಿಲ್ಲ. ಅದರ ಗಣಕವೂ ಪಂಪೂ ಫೋರ್ಕಿನ ಜೊತೆಗೆ ಬರುವಂಥವಲ್ಲ. ಅದನ್ನು ಮಿಸ್ತ್ರಿ ಮೊದಲೇ ತಿಳಿಸಿ ಹೇಳಿದ. ದೊಡ್ಡ ಡಿಸ್ಕ್ ಬಂತೆಂದು ಮಳೆಯಲ್ಲಿ ಒಮ್ಮೆಲೇ ಬ್ರೇಕು ಒತ್ತಬೇಡ ಎಂದೂ ಎಚ್ಚರಿಸಿದ.

ಎಲ್ಲ ಮಿಸ್ತ್ರಿಗಳೂ ಹೀಗಿರುವುದಿಲ್ಲ. ಭಾರವಾದ ಬೈಕಿನ ಫೋರ್ಕನ್ನು ಹಗುರ ಬೈಕಿಗೆ ಬರೀ ನೋಟಕ್ಕೆಂದು ಸಿಕ್ಕಿಸಿಕೊಂಡು, ಸ್ಪ್ರಿಂಗು ಬಾಗದೆ ಬೆನ್ನು ಮುರಿದುಕೊಳ್ಳುವ ಹುಡುಗರನ್ನು ಕಂಡಿದ್ದೇನೆ. ಸೈಲೆನ್ಸರ್ ಕತ್ತರಿಸಿ ನಡುರಾತ್ರಿ ಊರನ್ನೆಬ್ಬಿಸುವವರ ಬಗ್ಗೆ ನನಗೆ ಯಾವ ಕನಿಕರವೂ ಇಲ್ಲ.

ಇನ್ನು ಗುಜರಿಯ ಮಾತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಬರೆದರು. 2001ರಲ್ಲಿ ನೊಬೆಲ್ ಹಂಚಿಕೊಂಡರು. ಅಲ್ಲಿನ ಆಡುಮಾತಿನಲ್ಲಿ ಒಳಗೆ ಕೆಟ್ಟಿರುವ ಕಾರಿಗೆ 'ನಿಂಬೆಹಣ್ಣು' ಎನ್ನುತ್ತಾರೆ. (ಇಂಡಿಯವನಾದ ನನಗೆ ಈ ಬಳಕೆಯ ಬಗ್ಗೆ ತಕರಾರಿದೆ, ಅದಿರಲಿ.) ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಕೆಟ್ಟ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದ ಓಡಿಸುತ್ತದೆ ಎಂಬುದು ಅವರ ವಾದದ ಸಾರ. ಅಪಘಾತದ ಬೈಕಿನ ಫೋರ್ಕಿಗಿಂತ ಇದಕ್ಕೆ ಉತ್ತಮ ನಿದರ್ಶನ ಸಿಗಲಾರದು. ಕೊಳವೆ ಕೂದಲೆಳೆಯಷ್ಟು ಬಾಗಿದೆಯೇ, ಒಳಗೆ ಬಿರುಕಿದೆಯೇ, ಬರಿಗಣ್ಣಿಗೆ ಕಾಣದು. ನಮ್ಮ ಮಿಸ್ತ್ರಿ ಕೊಳವೆಯನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ ಪರೀಕ್ಷಿಸಿದ. ಹಾಗೆ ಮಾಡಲು ಅವನಿಗೆ ಯಾರೂ ಹೇಳಿರಲಿಲ್ಲ. ಇಂಥ ಮಾರುಕಟ್ಟೆಗೆ ಬೇಕಾದದ್ದು ನಂಬಿಕಸ್ಥವಾದ ಮೂರನೆಯ ಕಣ್ಣು. ಆ ಕಣ್ಣು ಸರ್ಕಾರದ್ದಾಗಬಹುದಿತ್ತು.

ಆದರೆ ಕಾನೂನು ಏನೆನ್ನುತ್ತದೆ? ಮೋಟಾರು ವಾಹನ ಕಾಯ್ದೆ, 1988ರ 52ನೆಯ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಮೇಲ್ನೋಟಕ್ಕೆ ಎಲ್ಲ ಸ್ಪಷ್ಟ. ಒಳಹೊಕ್ಕು ನೋಡಿದರೆ ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬಣ್ಣ, ತೂಕ ಇವೆ. ಫೋರ್ಕಿನ ಸುದ್ದಿಯೇ ಇಲ್ಲ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಬದಲಾವಣೆ ಎಂದು ಅದೇ ಸೆಕ್ಷನ್ ವಿವರಣೆ ಕೊಡುತ್ತದೆ. ಸವೆದ ಫೋರ್ಕಿನ ಜಾಗಕ್ಕೆ ಅದೇ ವಂಶದ ಇನ್ನೊಂದು ಫೋರ್ಕ್ ಬಂದರೆ ಮೂಲ ಲಕ್ಷಣ ಬದಲಾಯಿತೆ? ಹತ್ತು ಅಧಿಕಾರಿಗಳನ್ನು ಕೇಳಿದರೆ ಐದೈದು ಮಂದಿ ಎರಡೂ ಕಡೆ ನಿಲ್ಲುತ್ತಾರೆ. ಕಡತಗಳ ನಡುವೆ ಬದುಕಿದ ನನಗೆ ಗೊತ್ತು: ನಿಯಮ ಅಸ್ಪಷ್ಟವಾಗಿದ್ದಾಗ ಅದರ ಅರ್ಥ ನಿಗದಿಯಾಗುವುದು ಅಪಘಾತವಾದ ಮೇಲೆ, ವಿಮೆಯ ಅರ್ಜಿಯ ಮೇಲಿನ ಷರಾದಲ್ಲಿ. ಆಗ ಅರ್ಜಿದಾರ ಆಸ್ಪತ್ರೆಯಲ್ಲಿರುತ್ತಾನೆ.

ಸೋಜಿಗವೆಂದರೆ, ದಾರಿಯೂ ಅದೇ ಸೆಕ್ಷನ್ನಿನಲ್ಲಿದೆ. ಅನುಮತಿಯಿಲ್ಲದೆ ಮಾರ್ಪಾಡು ಮಾಡಿದವನು ಹದಿನಾಲ್ಕು ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ನಮೂದು ಮಾಡಿಸಬೇಕೆಂಬ ಉಪಬಂಧವಿದೆ. ಮಾರ್ಪಾಡುಗಳಿಗೆ ಮಾನದಂಡ, ಅನುಮೋದನೆಯ ಷರತ್ತುಗಳನ್ನು ರೂಪಿಸುವ ಅಧಿಕಾರವನ್ನು 2019ರ ತಿದ್ದುಪಡಿಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಈ ಅಧಿಕಾರವನ್ನು ಫೋರ್ಕ್, ಶಾಕ್ ಅಬ್ಸಾರ್ಬರ್, ಬ್ರೇಕುಗಳಂಥ ಸುರಕ್ಷತೆಯ ಅಂಗಗಳಿಗೆ ಬಳಸಿ, ಒಂದೇ ಮಾದರಿಯ ಹೊಸ ಪೀಳಿಗೆಯಿಂದ ಹಳೆಯದಕ್ಕೆ ಬದಲಿಸುವುದನ್ನಾದರೂ ಬಿಡಿಸಿ ಬರೆಯಲು ಸಾಧ್ಯ. ಜರ್ಮನಿಯಲ್ಲಿ ಬೈಕು ಬದಲಿಸಿಕೊಂಡವನು ಮಾನ್ಯತೆ ಪಡೆದ ಪರೀಕ್ಷಕರ ಬಳಿ ಒಯ್ಯುತ್ತಾನೆ. ಅವರು ಅಳೆದು, ಅಗತ್ಯವಿದ್ದರೆ ಓಡಿಸಿ ನೋಡಿ, ಒಪ್ಪಿಗೆಯಾದರೆ ವಾಹನದ ಕಾಗದಪತ್ರದಲ್ಲಿ ಅದನ್ನು ನಮೂದಿಸುವ ವ್ಯವಸ್ಥೆಯಿದೆ. ನಮ್ಮಲ್ಲಿಯೂ ಹದಿನೈದು ವರ್ಷದ ಬೈಕನ್ನು ಹೇಗೂ ತಪಾಸಣೆಗೆ ಕರೆಸುತ್ತೇವೆ; 2022ರ ಏಪ್ರಿಲ್‌ನಲ್ಲಿ ದ್ವಿಚಕ್ರ ವಾಹನದ ನವೀಕರಣ ಶುಲ್ಕವನ್ನು 300ರಿಂದ 1,000 ರೂಪಾಯಿಗೆ ಏರಿಸಿದೆವು. ಆ ಹೆಚ್ಚುವರಿ ಹಣಕ್ಕೆ ಪ್ರತಿಯಾಗಿ ಫೋರ್ಕನ್ನೊಮ್ಮೆ ಒತ್ತಿ ನೋಡಿ, ಅಳತೆ ತೆಗೆದು, ಒಂದು ಸಾಲು ಬರೆದುಕೊಟ್ಟರೆ ಬೊಕ್ಕಸಕ್ಕೆ ನಷ್ಟವಿಲ್ಲ.

ಹೊಸ ನಮೂನೆ ಎಂದರೆ ಹೊಸ ಕಿಟಕಿ, ಹೊಸ ಕಿಟಕಿ ಎಂದರೆ ಅದರೊಳಗಿಂದ ಚಾಚುವ ಹೊಸ ಕೈ ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ನಕ್ಕರು. ಆಕ್ಷೇಪ ಸುಳ್ಳಲ್ಲ. ಒಂದು ಫೋರ್ಕಿಗಾಗಿ ಮೂರು ಬಾರಿ ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾದರೆ ಜನ ಈಗಿನಂತೆಯೇ ಬಚ್ಚಿಡುತ್ತಾರೆ. ಆದಕಾರಣ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಿ, ನಿಗದಿತ ದಿನದಂದು ನಡೆಯಬೇಕು. ಐಟಿಐಗಳಲ್ಲಿ ಬೋಧಕರಿದ್ದಾರೆ, ಉಪಕರಣಗಳಿವೆ, ಅವುಗಳಿಗೆ ಪರೀಕ್ಷೆಯ ಅಧಿಕಾರ ಕೊಡುವುದನ್ನು ಯೋಚಿಸಬಹುದು. ಮುದ್ದೇಬಿಹಾಳದ ಮಿಸ್ತ್ರಿಯಂಥವರಿಗೆ ಅಲ್ಲಿ ಒಂದು ವಾರ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡಿದರೆ, ವೆಲ್ಡಿಂಗ್ ಮಾಡುವವನ ಗಿರಾಕಿಗಳು ತಾವಾಗಿಯೇ ಕಡಿಮೆಯಾದಾರು. ಅಲ್ಲಿಯವರೆಗೆ ಅವನು ತನ್ನ ಒಳ್ಳೆಯ ಕೆಲಸವನ್ನು ಕಳ್ಳತನದಂತೆ ಮಾಡಬೇಕಾಗಿದೆ. ನನ್ನೊಡನೆ ಮಾತನಾಡುವಾಗಲೂ ಅವನು ಮೊದಲು ಕೇಳಿದ್ದು, "ಸಾಹೇಬ್ರ, ನೀವು ಆರ್‌ಟಿಒ ಏನ್ರಿ?" ಎಂದು.

ಹೋದ ತಿಂಗಳು ಇಂಡಿಗೆ ಹೋದಾಗ ಹುಡುಗ ಅಟ್ಟದ ಮೇಲಿಂದ ಏನೋ ಇಳಿಸುತ್ತಿದ್ದ. ಗೋಣಿಚೀಲ ಬಿಚ್ಚಿದರೆ ಅದೇ ಹಳೆಯ ಫೋರ್ಕ್. ತುಕ್ಕು ಇನ್ನೂ ಹಬ್ಬದಿರಲೆಂದು ಗ್ರೀಸ್ ಸವರಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮತ್ತೆ ಗೋಣಿಗೆ ಹಾಕಿ ಅಟ್ಟಕ್ಕೇರಿಸಿದ. ಮುಂದಿನ ತಪಾಸಣೆ 2030ರಲ್ಲಿ ಬರುತ್ತದೆ.